ಕುಡಿ ಚಿವುಟಿದ ಮೇಲೆ ತುಳಸಿಯಾಯಿತು

ಪುಣೆಯ ಹಳೆಯ ವಾಡೆಯೊಂದರ 3ಡಿ ಚಿತ್ರ ಮಾಡುತ್ತಿದ್ದ ಗೆಳೆಯನಿಗೆ ಅಂಗಳದ ವೃಂದಾವನಕ್ಕೊಂದು ತುಳಸಿ ಬೇಕಿತ್ತು. ರೆಡಿಮೇಡ್ ಗಿಡಗಳಲ್ಲಿ ಅವನಿಗೆ ಓಕ್, ಪೈನ್ ಎಲ್ಲ ಸಿಕ್ಕಿದ್ದವು. ತುಳಸಿ ಅಂತ ಸಿಕ್ಕಿದ್ದು ಮಾತ್ರ ಪುದೀನದ ಹಾಗಿತ್ತು. "ಕೋಡ್ ಬರೀತೀಯಲ್ಲ, ನೀನೇ ಬೆಳೆಸಿಕೊಡು" ಅಂದ. ಕರ್ವೆನಗರದ ನಮ್ಮ ಗ್ಯಾಲರಿಯಲ್ಲಿ ಅವ್ವ ಧಾರವಾಡದಿಂದ ತಂದು ಹಚ್ಚಿದ ತುಳಸಿ ಇತ್ತು. ಒಪ್ಪಿಕೊಂಡೆ.

ನಿಯಮ ಕೊಟ್ಟರೆ ಗಿಡ ಬೆಳೆಸಿ ತೋರಿಸುವ ಎಲ್-ಪೈ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆ, ನಿಯಮಗಳನ್ನು ಪೈಥಾನ್ ಕೋಡ್ ಜೊತೆಗೇ ಬರೆಯಬಹುದು. ಅರಿಸ್ಟಿಡ್ ಲಿಂಡೆನ್‌ಮಯರ್ ಎಂಬ ಜೀವವಿಜ್ಞಾನಿ 1968ರಲ್ಲಿ ಕೊಟ್ಟ ಎಲ್-ಸಿಸ್ಟಮ್ ಇದರ ಬುನಾದಿ. ಗಿಡವೆಂದರೆ ಅಕ್ಷರಗಳ ಸಾಲು. ಪ್ರತಿ ಸುತ್ತಿಗೂ ಎಲ್ಲ ಅಕ್ಷರಗಳು ಒಟ್ಟಿಗೇ ಬದಲಾಗುತ್ತವೆ. 'ಅ' ಇದ್ದಲ್ಲಿ 'ಅಆ', 'ಆ' ಇದ್ದಲ್ಲಿ 'ಅ' ಅಂತ ಕೊಟ್ಟು ನೋಡಿ, ಸಾಲಿನ ಉದ್ದ 1, 2, 3, 5, 8 ಎಂದು ಬೆಳೆಯುತ್ತದೆ. ಆ ಸಾಲನ್ನು ಓದುತ್ತ 'ಆಮೆ' ಎಂಬ ಕರ್ಸರ್ ಚಿತ್ರ ಬಿಡಿಸುತ್ತದೆ. ಚೌಕ ಕಂಸ ತೆರೆದರೆ ಇದ್ದ ಜಾಗ ನೆನಪಿಟ್ಟುಕೊಂಡು ಕೊಂಬೆಗೆ ಹೊರಳುತ್ತದೆ, ಮುಚ್ಚಿದರೆ ವಾಪಸ್ ಕಾಂಡಕ್ಕೆ. ಮೊದಲ ದಿನ ಒಂದು ಕಂಸ ಮುಚ್ಚಲು ಮರೆತೆ. ಉಳಿದ ಗಿಡವೆಲ್ಲ ಎಲೆಯ ತುದಿಯಿಂದಲೇ ಹೊರಟಿತ್ತು!

ಎಲೆಯಿಂದ ಎಲೆಗೆ 137.5 ಡಿಗ್ರಿ ತಿರುವು ಇಟ್ಟಿದ್ದೆ. ಸೂರ್ಯಕಾಂತಿ ಬೀಜಗಳ ಸುರುಳಿಗೆ ಒಪ್ಪುವ ಕೋನ ಅದು. ಎಲ್ಲರೂ ಹೊಗಳುತ್ತಾರಲ್ಲ, ನಾನೂ ಕಣ್ಣುಮುಚ್ಚಿ ಹಾಕಿದ್ದೆ. ಚಹಾ ಕೊಡಲು ಬಂದ ಅವ್ವ ಸ್ಕ್ರೀನ್ ನೋಡಿದಳು. "ಇದ್ಯಾವ ತುಳಸಿನೋ? ಎಲಿ ಹಿಂಗ ಸುತ್ತಿಕೋತ ಹೋಗ್ತಾವೇನು? ಎರಡೆರಡು ಎದುರಾಬದುರ ಇರ್ತಾವ."

ಸ್ಕೇಲ್ ಹಿಡಿದು ಗ್ಯಾಲರಿಯಲ್ಲಿ ಕೂತೆ. ಒಂದು ಗಿಣ್ಣಿನ ಜೋಡಿ ಎಲೆ ಪೂರ್ವ-ಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರ-ದಕ್ಷಿಣಕ್ಕೆ. ದಂಟೂ ದುಂಡಗಿಲ್ಲ, ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತವೆ. ಗಿಣ್ಣಿನಿಂದ ಗಿಣ್ಣಿಗೆ ಕೆಳಗೆ 4 ಸೆಂ.ಮೀ., ತುದಿಯ ಹತ್ತಿರ ಒಂದೂವರೆ. ತಿರುವು 90 ಮಾಡಿದೆ.

ಆದರೂ ಗಿಡ ಊದಿನಕಡ್ಡಿಯಂತೆ ನೆಟ್ಟಗೆ ಏರಿತು. ಗ್ಯಾಲರಿಯದು ಒಳ್ಳೆ ಪೊದೆ. ಕಾರಣ ಹೊಳೆದದ್ದು ಮರುದಿನ, ಅವ್ವ ಪೂಜೆಗೆ ಕುಡಿ ಚಿವುಟುವಾಗ. ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಎಲೆ ಬುಡದ ಮೊಗ್ಗುಗಳನ್ನು ತಡೆದಿಡುತ್ತದೆ. ತುದಿ ಹೋದರೆ ಅವು ಏಳುತ್ತವೆ, ಒಂದಿದ್ದದ್ದು ಎರಡು ಕುಡಿಯಾಗುತ್ತದೆ. ನನ್ನ ನಿಯಮದಲ್ಲಿ ಚಿವುಟುವ ಕೈಯೇ ಇರಲಿಲ್ಲ!

ಎಲ್-ಸಿಸ್ಟಮ್‌ನಲ್ಲಿ ಅಕ್ಷರವೊಂದು ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ ಬದಲಾಗುವಂತೆಯೂ ಬರೆಯಬಹುದು. ಚಿವುಟಿದ ತುದಿಯ ಜಾಗದಲ್ಲಿ 'ಚಿ' ಇಟ್ಟೆ. ಪಕ್ಕದಲ್ಲಿ 'ಚಿ' ಕಂಡ ಮಲಗಿದ ಮೊಗ್ಗು ಹೊಸ ಕುಡಿಯಾಗಬೇಕು. ಯಾವ ಕುಡಿ ಚಿವುಟಬೇಕು ಎಂಬುದನ್ನು ಅದೃಷ್ಟಕ್ಕೆ ಬಿಟ್ಟೆ, ಆದರೆ ನಮ್ಮ ಬಾಗಿಲ ಕಡೆಯವಕ್ಕೆ ಹೆಚ್ಚು ಅವಕಾಶ, ಅವ್ವನ ಕೈಗೆ ಸಿಗುವುದು ಅವೇ. 40 ಸುತ್ತು ಓಡಿಸಿದಾಗ ಬಾಗಿಲ ಕಡೆ ದಟ್ಟ, ಗ್ರಿಲ್ ಕಡೆ ಉದ್ದ ಕೊಂಬೆಗಳು. ಥೇಟ್ ನಮ್ಮದೇ.

ಅವ್ವನನ್ನು ಕರೆದು ತೋರಿಸಿದೆ. "ದಿನಾ ಚಿವುಟಿಯೇನು?" ಅಂದಳು. ಹೂಂ ಅಂದೆ. "ದ್ವಾದಶಿ ದಿನಾನೂ?"

ದ್ವಾದಶಿಗೆ ತುಳಸಿ ಕೀಳಬಾರದಲ್ಲ! ಒಂದು ಸುತ್ತು ಒಂದು ದಿನ ಅಂತ ಹಿಡಿದು, ಸುತ್ತಿನ ಸಂಖ್ಯೆ 15ರಿಂದ ಭಾಗವಾದರೆ ಚಿವುಟಬೇಡ ಅಂತ ಒಂದು ಸಾಲು ಸೇರಿಸಿ, ಫೈಲನ್ನು ಗೆಳೆಯನಿಗೆ ಕಳಿಸಿದೆ.