ಜಪಾನಿನಲ್ಲಿ ಮಗಳ ಆರೋಗ್ಯ ವಿಮೆ: ನನ್ನ ಅನುಭವ

ಓದಲೆಂದು ಜಪಾನಿಗೆ ಹೋದ ಮಗಳು ವಿಳಾಸ ನೋಂದಾಯಿಸಿದ್ದಳೇ ಹೊರತು ಅಲ್ಲಿನ ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿರಲಿಲ್ಲ. ಜ್ವರಕ್ಕೆ ಔಷಧ ತಂದ ದಿನ ಪೂರ್ತಿ ಹಣ ತೆರಬೇಕಾಯಿತೆಂದು ಅವಳು ಅತ್ತಾಗ, ಶಿರಸಿಯಲ್ಲಿದ್ದ ನನಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ ನೆಲೆಸುವ ವಿದೇಶಿಯರು, ಉದ್ಯೋಗದ ಮೂಲಕ ಬೇರೆ ವಿಮೆ ಇಲ್ಲದಿದ್ದರೆ, 14 ದಿನಗಳೊಳಗೆ ನಗರಸಭೆಯ ಕಚೇರಿಯಲ್ಲಿ ಸೇರಲೇಬೇಕು. ಅಲ್ಲಿಯ ಗಡಿಯಾರ ಮೂರೂವರೆ ತಾಸು ಮುಂದಿರುವುದರಿಂದ ಮರುದಿನ ಬೆಳಗಿನ ಐದೂವರೆಗೆ, ಕೊಟ್ಟಿಗೆಯ ಕೆಲಸಕ್ಕೂ ಮೊದಲೇ, ಫೋನ್ ಹಿಡಿದು ಕುಳಿತೆ. ಮಗಳು ಆ ಕಚೇರಿಯಲ್ಲಿ ರೆಸಿಡೆನ್ಸ್ ಕಾರ್ಡ್ (ಅಲ್ಲಿ ನೆಲೆಸುವ ವಿದೇಶಿಯರ ಗುರುತಿನ ಚೀಟಿ), ಪಾಸ್‌ಪೋರ್ಟ್ ತೋರಿಸಿದೊಡನೆ ನೋಂದಣಿ ಆಯಿತು. ತಡವಾದ ತಿಂಗಳುಗಳ ಕಂತನ್ನೂ ಕಟ್ಟಬೇಕಾಯಿತು. ಆದರೆ ಹಿಂದಿನ ವರ್ಷ ಆದಾಯವಿರಲಿಲ್ಲವೆಂದು ಘೋಷಣೆ ಬರೆದುಕೊಟ್ಟದ್ದರಿಂದ ಕಂತು ಬಹಳ ಇಳಿಯಿತು, ಇದು ನಾವಾಗಿ ಕೇಳಿದ ಮೇಲಷ್ಟೇ ತಿಳಿದದ್ದು. ಈಗ ಚಿಕಿತ್ಸೆಯ ವೆಚ್ಚದಲ್ಲಿ ಅವಳು ಶೇಕಡಾ 30ರಷ್ಟನ್ನು ಮಾತ್ರ ಕೊಡುತ್ತಾಳೆ.