ಬ್ಯಾಕ್‌ಲಿಂಕ್ ಆರಿಸಿದ್ದು: ನಮ್ಮ ಕಾಫಿ ಪುಡಿ ಸೈಟಿನ ಅನುಭವ

ನಮ್ಮಣ್ಣ ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ನಡೆಸುತ್ತಾನೆ. ಅಂಗಡಿಯ ವೆಬ್‌ಸೈಟನ್ನು ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುವುದು ನಾನು. ಒಂದು ಮಳೆಗಾಲದಲ್ಲಿ ಸೈಟಿಗೆ ಗೂಗಲ್‌ನಿಂದ ಬರುವ ಜನ ಕಡಿಮೆಯಾಗುತ್ತಾ ಹೋದರು. ದಿನಕ್ಕೆ ಎಂಟು ಹತ್ತು ಆರ್ಡರ್ ಬರುತ್ತಿದ್ದದ್ದು ಮೂರಕ್ಕೆ ಇಳಿಯಿತು. ಅಣ್ಣ ಫೋನ್ ಮಾಡಿ, "ಸೈಟಿಗೆ ಏನಾಗಿದೆ ನೋಡು ಮಾರಾಯ" ಅಂದ.

ನನಗೆ ತಕ್ಷಣ ನೆನಪಾದದ್ದು ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳು ನಮ್ಮ ಸೈಟಿಗೆ ಕೊಡುವ ಲಿಂಕ್. ಯಾರನ್ನು ಮೇಲೆ ತೋರಿಸಬೇಕು ಅಂತ ನೋಡುವಾಗ ಗೂಗಲ್ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕೆ ಕಾರಣ ಇತ್ತು. ಅದಕ್ಕೂ ಮುಂಚೆ ಸುಮಾರು ಆರು ತಿಂಗಳು ನಾವು ಒಂದು ಎಸ್‌ಇಒ ಏಜೆನ್ಸಿಗೆ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುತ್ತೇವೆ ಅನ್ನುವವರಿಗೆ, ದುಡ್ಡು ಕೊಟ್ಟಿದ್ದೆವು. ತಿಂಗಳಿಗೆ ಇಷ್ಟು ಲಿಂಕ್ ಅಂತ ಪ್ಯಾಕೇಜ್. ಯಾವ ಸೈಟು, ಯಾವ ಪುಟ ಅಂತ ಕೇಳಿದರೆ ಒಂದು ಸಂಖ್ಯೆ ಮಾತ್ರ ಹೇಳುತ್ತಿದ್ದರು. ಆಗ ನಾನೂ ಪಟ್ಟು ಹಿಡಿದು ಕೇಳಲಿಲ್ಲ.

ಹಾಗಾಗಿ ಒಂದು ಸಾಫ್ಟ್‌ವೇರ್‌ಗೆ ನಮ್ಮ ಸೈಟಿನ ವಿಳಾಸ ಕೊಟ್ಟು ಬ್ಯಾಕ್‌ಲಿಂಕ್ ವರದಿ ತೆಗೆದೆ. ಒಟ್ಟು 486 ಡೊಮೈನ್‌ಗಳು, ಅಂದರೆ ಬೇರೆ ಬೇರೆ ಸೈಟುಗಳು, ನಮಗೆ ಲಿಂಕ್ ಕೊಟ್ಟಿದ್ದವು. ಅದರಲ್ಲಿ 312 ಕೆಂಪು ಬಣ್ಣದಲ್ಲಿದ್ದವು. ಕೆಂಪು ಅಂದರೆ ವಿಷಕಾರಿ ಅಂತ ಆ ಸಾಫ್ಟ್‌ವೇರ್‌ನ ಲೆಕ್ಕ. ಪಕ್ಕದಲ್ಲೇ ಒಂದು ಬಟನ್. ಒತ್ತಿದರೆ 312 ಡೊಮೈನ್‌ಗಳ ಡಿಸ್‌ಅವೋ ಫೈಲ್ ಸಿದ್ಧ. ಅದನ್ನು ಗೂಗಲ್‌ಗೆ ಕೊಟ್ಟರೆ, "ಈ ಲಿಂಕ್‌ಗಳನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ" ಅಂತ ಹೇಳಿದ ಹಾಗೆ. ಫೈಲ್ ಡೌನ್‌ಲೋಡ್ ಮಾಡಿಕೊಂಡೆ. ರಾತ್ರಿ ಹನ್ನೊಂದು ಗಂಟೆ ಇರಬೇಕು. ಅಪ್‌ಲೋಡ್ ಮಾಡುವ ಮುಂಚೆ ಸುಮ್ನೆ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾ ಬಂದೆ.

ಮಧ್ಯದಲ್ಲಿ ಗುರುತಿನ ಹೆಸರೊಂದು ಕಂಡಿತು. ಕೊಪ್ಪದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕನ್ನಡ ಬ್ಲಾಗ್ ಅದು. ಡಿಕಾಕ್ಷನ್ ಹದವಾಗಿ ಇಳಿಸುವುದು ಹೇಗೆ ಅಂತ ಅವರು ಚಂದವಾಗಿ ಬರೆದಿದ್ದರು. ಕೊನೆಗೆ, "ನಾನು ಪುಡಿ ತರಿಸುವುದು ಇವರ ಹತ್ತಿರ" ಅಂತ ನಮ್ಮ ಲಿಂಕ್ ಕೊಟ್ಟಿದ್ದರು. ಆ ಬರಹ ಓದಿ ನಮಗೆ ಫೋನ್ ಮಾಡಿದವರು ಎಷ್ಟೋ ಜನ. ಸಾಫ್ಟ್‌ವೇರ್ ಆ ಬ್ಲಾಗಿಗೆ ನೂರಕ್ಕೆ ಎರಡು ಅಂಕ ಕೊಟ್ಟಿತ್ತು. ಬಣ್ಣ ಕೆಂಪು.

ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗಿದೆ. ಮಾರನೇ ದಿನದಿಂದ ಒಂದೊಂದನ್ನೇ ಕೈಯಾರೆ ನೋಡೋದು ಅಂತ ನಿರ್ಧರಿಸಿದೆ.

ಅಂಕದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಡೊಮೈನ್ ಅಥಾರಿಟಿ ಅನ್ನುವುದು ಮಾಜ್ ಕಂಪನಿಯ ಲೆಕ್ಕ. ಡೊಮೈನ್ ರೇಟಿಂಗ್ ಏಚ್‌ರೆಫ್ಸ್‌ನದ್ದು. ಟಾಕ್ಸಿಸಿಟಿ ಸ್ಕೋರ್ ಸೆಮ್‌ರಷ್‌ನದ್ದು. ಇವು ಯಾವುವೂ ಗೂಗಲ್‌ನ ಅಂಕ ಅಲ್ಲ. ಹೊಸ ಸೈಟು, ಚಿಕ್ಕ ಸೈಟು, ಕನ್ನಡದಂಥ ಭಾಷೆಯ ಸೈಟು, ಇವಕ್ಕೆ ಬೇರೆಯವರು ಲಿಂಕ್ ಕೊಟ್ಟಿರುವುದೇ ಕಡಿಮೆ. ಹಾಗಾಗಿ ಅಥಾರಿಟಿ, ರೇಟಿಂಗ್ ಥರದ ಅಂಕವೂ ಕಡಿಮೆ ಬರುತ್ತದೆ. ಅಂಕ ಕಡಿಮೆ ಅಂದ ಮಾತ್ರಕ್ಕೆ ಗುಣಮಟ್ಟ ಕಡಿಮೆ ಅಂತ ಅಲ್ಲ. ನಮ್ಮಣ್ಣ ಬೇರೆ ಕಡೆಯ ಪುಡಿಯಲ್ಲಿ ಚಿಕೋರಿ ಇದೆಯಾ ಅಂತ ನೋಡಬೇಕಾದರೆ ಪ್ಯಾಕೆಟ್ ಮೇಲಿನ ಅಕ್ಷರ ಓದುವುದಿಲ್ಲ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸುತ್ತಾನೆ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತಾ ಕೆಳಗಿಳಿಯುತ್ತದೆ. ಲಿಂಕ್‌ಗೂ ಹಾಗೆ ಪುಟ ತೆರೆದು ನೋಡುವುದೊಂದೇ ಪರೀಕ್ಷೆ ಅಂತ ನನಗೆ ಆ ವಾರ ಅರ್ಥವಾಯಿತು.

ಮೊದಲು ಪಟ್ಟಿ ಸರಿ ಮಾಡಿಕೊಂಡೆ. ಸೈಟು ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಲಿಂಕ್ಸ್ ಅಂತ ಒಂದು ವಿಭಾಗ ಇದೆ. ಅಲ್ಲಿಂದ ಹೊರಗಿನ ಲಿಂಕ್‌ಗಳನ್ನು ಇಳಿಸಿಕೊಳ್ಳಬಹುದು, ಪುಕ್ಕಟೆ. ಇದು ಪೂರ್ತಿ ಪಟ್ಟಿ ಅಲ್ಲ, ಒಂದು ಮಾದರಿ. ನೋಫಾಲೋ, ಅಂದರೆ ಇದನ್ನು ಶಿಫಾರಸು ಅಂತ ಎಣಿಸಬೇಡಿ ಎಂದು ಗೂಗಲ್‌ಗೆ ಗುರುತು ಹಾಕಿದ ಲಿಂಕ್‌ಗಳೂ ಅದರಲ್ಲಿ ಸೇರಿರುತ್ತವೆ. ಅಲ್ಲಿ ಕಾಣುವ ದಿನಾಂಕ ಗೂಗಲ್ ಆ ಪುಟವನ್ನು ಕೊನೆಯದಾಗಿ ನೋಡಿದ ದಿನ, ಲಿಂಕ್ ಹುಟ್ಟಿದ ದಿನ ಅಲ್ಲ. ನನಗೆ ಹುಟ್ಟಿದ ದಿನವೇ ಬೇಕಿತ್ತು. ಅದಕ್ಕೆ ಏಚ್‌ರೆಫ್ಸ್ ವೆಬ್‌ಮಾಸ್ಟರ್ ಟೂಲ್ಸ್ ಬಳಸಿದೆ. ಸೈಟು ನಮ್ಮದೇ ಅಂತ ತೋರಿಸಿದರೆ ಅದೂ ಪುಕ್ಕಟೆ. ಎರಡನ್ನೂ ಒಂದೇ ಶೀಟ್‌ಗೆ ಹಾಕಿ, ಒಂದು ಡೊಮೈನ್‌ಗೆ ಒಂದು ಸಾಲು ಅಂತ ಮಾಡಿಕೊಂಡೆ. ಸಾವಿರಾರು ಲಿಂಕ್ ಅಂತ ಹೆದರಿಸುವ ಪಟ್ಟಿ ಹೀಗೆ ಮಾಡಿದರೆ ಎಷ್ಟೋ ಹಗುರವಾಗುತ್ತದೆ. ಒಂದೇ ಸೈಟಿನ ಫುಟರ್‌ನಲ್ಲಿ, ಅಂದರೆ ಪುಟದ ತಳದ ಪಟ್ಟಿಯಲ್ಲಿ, ಕೂತ ಲಿಂಕ್ ಆ ಸೈಟಿನ ಎಲ್ಲಾ ಪುಟಗಳಲ್ಲೂ ಎಣಿಕೆಯಾಗಿರುತ್ತದೆ, ಅಷ್ಟೇ.

ಆಮೇಲೆ ಆ್ಯಂಕರ್ ಟೆಕ್ಸ್ಟ್ ಕಾಲಂ ಪ್ರಕಾರ ವಿಂಗಡಿಸಿದೆ. ಜನ ಒತ್ತುವ ಆ ನೀಲಿ ಅಕ್ಷರಗಳು ಇವೆಯಲ್ಲ, ಅವು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಸುಳಿವು ಕೊಟ್ಟದ್ದು ಈ ಒಂದು ಕಾಲಂ. ನಿಜವಾದ ಜನ ಲಿಂಕ್ ಕೊಡುವಾಗ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಅಂಗಡಿಯ ಹೆಸರು, ಬರೀ ವಿಳಾಸ, "ಇಲ್ಲಿ ನೋಡಿ", "ಚಿಕ್ಕಮಗಳೂರಿನ ಒಬ್ಬರು". ಹೆಸರಿನ ಸ್ಪೆಲಿಂಗ್ ತಪ್ಪಿಸಿದವರೂ ಇದ್ದರು. ಆದರೆ 37 ಡೊಮೈನ್‌ಗಳಲ್ಲಿ ಒಂದಕ್ಷರ ಆಚೀಚೆ ಇಲ್ಲದೆ ಅವೇ ಐದು ಪದ: ಬೆಸ್ಟ್ ಫಿಲ್ಟರ್ ಕಾಫಿ ಪೌಡರ್ ಆನ್‌ಲೈನ್. ಹೀಗೆ ಯಾರಾದರೂ ಮಾತಾಡುತ್ತಾರಾ? 37 ಜನ ಒಬ್ಬರನ್ನೊಬ್ಬರು ಕೇಳದೆ ಇದೇ ಐದು ಪದ ಬರೆಯಲು ಸಾಧ್ಯ ಇಲ್ಲ. ಪಕ್ಕದ ಕಾಲಂನಲ್ಲಿ ಹುಟ್ಟಿದ ದಿನಾಂಕ ನೋಡಿದೆ. ಅಷ್ಟೂ ನಾವು ಏಜೆನ್ಸಿಗೆ ದುಡ್ಡು ಕಟ್ಟಿದ ಆ ಆರು ತಿಂಗಳೊಳಗೆ ಬಂದಿದ್ದವು.

ಅಲ್ಲಿಂದ ಒಂದೊಂದೇ ಪುಟ ತೆರೆಯುತ್ತಾ ಹೋದೆ. ಒಂದನ್ನು ವಿವರವಾಗಿ ಹೇಳುತ್ತೇನೆ, ಉಳಿದವು ಬಹುತೇಕ ಇದರ ತಮ್ಮಂದಿರೇ.

ಲೇಖನದ ವಿಷಯ ಬೆನ್ನುನೋವು. ಮೊದಲ ಪ್ಯಾರಾ ಹೇಗೆ ಕೂರಬೇಕು ಅಂತ ಹೇಳುತ್ತದೆ. ಎರಡನೇ ಪ್ಯಾರಾದಲ್ಲಿ ಒಂದು ಆನ್‌ಲೈನ್ ಕ್ಯಾಸಿನೋ ಲಿಂಕ್. ಮೂರನೆಯದರಲ್ಲಿ, ದಣಿವಾದಾಗ ಕಾಫಿ ಒಳ್ಳೆಯದು ಅನ್ನುವ ಸಾಲು, ಅಲ್ಲಿ ನಮ್ಮ ಐದು ಪದ. ನಾಲ್ಕನೆಯದರಲ್ಲಿ ಸಾಲ ಕೊಡುವ ಆ್ಯಪ್. ಬರೆದವರ ಹೆಸರಿನ ಜಾಗದಲ್ಲಿ ಅಡ್ಮಿನ್. ಮೇಲಿನ ಮೆನುವಿನಲ್ಲಿ ಆರೋಗ್ಯ, ಕಾನೂನು, ನಾಯಿ ಬೆಕ್ಕು, ಕ್ರಿಪ್ಟೊ, ಮನೆ ರಿಪೇರಿ. ಕೊನೆಯಲ್ಲಿ, ನಮಗೆ ಬರೆಯಿರಿ ಅನ್ನುವ ಆಹ್ವಾನ. ಒಂದೇ ಸೈಟು ಇಷ್ಟೆಲ್ಲಾ ವಿಷಯ ಯಾರಿಗೋಸ್ಕರ ಬರೆಯುತ್ತದೆ? ಓದುವವರಿಗೋಸ್ಕರ ಅಂತೂ ಅಲ್ಲ. ಗೂಗಲ್‌ನಲ್ಲಿ ಸೈಟ್ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಆ ಡೊಮೈನ್ ಹೆಸರು ಹುಡುಕಿದೆ. ಒಂದು ಪುಟವೂ ಬರಲಿಲ್ಲ. ಅಂದರೆ ಗೂಗಲ್ ಅದನ್ನು ತನ್ನ ಪಟ್ಟಿಯಿಂದಲೇ ಹೊರಗಿಟ್ಟಂತಿತ್ತು. ಆಮೇಲೆ ಸೈಟುಗಳ ಹಳೆಯ ಪ್ರತಿ ಇಟ್ಟುಕೊಳ್ಳುವ ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಳೆಯ ರೂಪ ತೆಗೆದೆ. ಕೆಲವು ವರ್ಷಗಳ ಹಿಂದೆ ಅದು ಜರ್ಮನಿಯ ಒಂದು ಊರಿನ ಸಂಗೀತ ಶಾಲೆಯ ಸೈಟ್ ಆಗಿತ್ತು. ಮಕ್ಕಳು ಪಿಟೀಲು ಹಿಡಿದು ಸಾಲಾಗಿ ನಿಂತ ಫೋಟೊ ಇನ್ನೂ ಅಲ್ಲಿದೆ. ಶಾಲೆಯವರು ಹೆಸರನ್ನು ನವೀಕರಿಸದೆ ಬಿಟ್ಟಿದ್ದಾರೆ, ಯಾರೋ ಕೊಂಡು ಲಿಂಕ್ ಮಾರಲು ಇಟ್ಟಿದ್ದಾರೆ. ಆ ಫೋಟೊ ನೋಡಿ ನನಗೆ ನಿಜವಾಗಿ ಬೇಸರವಾಯಿತು. ನಾವು ಕೊಟ್ಟ ದುಡ್ಡು ಹೋದದ್ದು ಇಂಥ ಕಡೆಗೆ.

ಇನ್ನು ಮೂರು ಸೈಟು ಬೇರೆ ಬೇರೆ ಹೆಸರಿನವು. ಆದರೆ ಮೂರರ ಸಂಪರ್ಕ ಪುಟದಲ್ಲೂ ಅದೇ ವಾಕ್ಯ, ಅದೇ ತಪ್ಪು ಕಾಗುಣಿತ. ಪುಟದ ಸೋರ್ಸ್, ಅಂದರೆ ಹಿಂದಿರುವ ಕೋಡ್, ತೆರೆದು ನೋಡಿದರೆ ಬರುವ ಜನರನ್ನು ಎಣಿಸುವ ಅನಲಿಟಿಕ್ಸ್ ಖಾತೆಯ ಐಡಿ ಕೂಡ ಒಂದೇ. ಒಬ್ಬರೇ ನಡೆಸುವ ಇಂಥ ಗುಂಪಿಗೆ ಈ ವಲಯದಲ್ಲಿ ಪಿಬಿಎನ್ (ಪ್ರೈವೇಟ್ ಬ್ಲಾಗ್ ನೆಟ್‌ವರ್ಕ್) ಅಂತಾರೆ.

ಆ್ಯಂಕರ್ ಬೇರೆಯಾಗಿದ್ದರೂ ಇದೇ ಜಾತಿಗೆ ಸೇರಿದ ಇನ್ನೂ 21 ಸಿಕ್ಕವು. ಒಟ್ಟು 58. ಉಳಿದ ಕೆಂಪು ಸಾಲುಗಳೆಲ್ಲಾ ಏನು ಹಾಗಾದರೆ? ನಮ್ಮ ಪೀಬೆರಿ ಬೀಜದ ಫೋಟೊ ಎತ್ತಿಕೊಂಡ ವಾಲ್‌ಪೇಪರ್ ಸೈಟುಗಳು. ಯಾವ ಡೊಮೈನ್ ಎಷ್ಟು ಬೆಲೆಬಾಳುತ್ತದೆ ಅಂತ ತಾನಾಗಿ ಪುಟ ಹುಟ್ಟಿಸುವ ಸೈಟುಗಳು. ರಷ್ಯನ್, ಚೀನೀ ಭಾಷೆಯ ಗೊತ್ತಿಲ್ಲದ ಪಟ್ಟಿಗಳು. ಇವು ಇಂಟರ್‌ನೆಟ್‌ನಲ್ಲಿರುವ ಎಲ್ಲಾ ಸೈಟುಗಳಿಗೂ ಅಂಟಿಕೊಳ್ಳುವ ಧೂಳು. ನಾನು ಮುಟ್ಟಲಿಲ್ಲ.

ಮುಟ್ಟದೇ ಇರುವ ಧೈರ್ಯ ಎಲ್ಲಿಂದ ಬಂತು ಅಂದರೆ, ಗೂಗಲ್ ನಡೆದುಬಂದ ದಾರಿಯಿಂದ. 2012ರ ಏಪ್ರಿಲ್‌ನಲ್ಲಿ ಹುಡುಕಾಟದ ಲೆಕ್ಕ ಬದಲಿಸಿದ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಕೆಟ್ಟ ಲಿಂಕ್ ಇದ್ದ ಸೈಟುಗಳು ನಿಜವಾಗಲೂ ಕೆಳಗೆ ಬಿದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸ್‌ಅವೋ ಟೂಲ್ ಕೊಟ್ಟರು. ಆದರೆ 2016ರಲ್ಲಿ ಬಂದ ಪೆಂಗ್ವಿನ್ 4.0 ಇಂಥ ಲಿಂಕ್‌ಗಳ ಬೆಲೆ ತೆಗೆದುಹಾಕುವುದಕ್ಕೆ ಹೊರಳಿತು. 2022ರ ಡಿಸೆಂಬರ್‌ನಿಂದ ಸ್ಪ್ಯಾಮ್‌ಬ್ರೇನ್ ಅನ್ನುವ ವ್ಯವಸ್ಥೆಯೂ ಈ ಕೆಲಸಕ್ಕೆ ಬಂತು. ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್ ಅಂತೂ 2023ರಲ್ಲಿ ತನ್ನ ಡಿಸ್‌ಅವೋ ಟೂಲನ್ನೇ ಮುಚ್ಚಿತು. ತಾನಾಗಿ ಬಂದು ಕೂತ ಕಸವನ್ನು ಗುಡಿಸುವುದು ಅವರ ಕೆಲಸ, ಅದನ್ನು ಅವರು ಮಾಡುತ್ತಿದ್ದಾರೆ.

ದುಡ್ಡು ಕೊಟ್ಟು ಕೊಂಡ ಲಿಂಕ್ ಬೇರೆ. ಅದು ಗೂಗಲ್ ನಿಯಮ ಮುರಿದ ಹಾಗೆ. ಅವರ ಕಡೆಯ ಮನುಷ್ಯರೇ ನೋಡಿ ಮ್ಯಾನ್ಯುವಲ್ ಆ್ಯಕ್ಷನ್ ಅಂತ ದಂಡ ಹಾಕಬಹುದು. ಸರ್ಚ್ ಕನ್ಸೋಲ್‌ನಲ್ಲಿ ಆ ಪುಟ ತೆರೆದು ನೋಡಿದೆ. ಏನೂ ಇರಲಿಲ್ಲ. ಆದರೂ ನಾವೇ ಮಾಡಿಸಿದ್ದನ್ನು ನಾವೇ ಸರಿ ಮಾಡಬೇಕು, ಅಲ್ವಾ?

58 ಕಡೆಗೂ ಲಿಂಕ್ ತೆಗೆಯಿರಿ ಅಂತ ಮೇಲ್ ಬರೆದೆ. ಐದು ಕಡೆ ತೆಗೆದರು. ನಾಲ್ಕು ಸೈಟು ಆಗಲೇ ಸತ್ತಿದ್ದವು. ಒಬ್ಬರು ತೆಗೆಯಲು ದುಡ್ಡು ಕೇಳಿದರು, ನಾನು ಕೊಡಲಿಲ್ಲ. ಎಂಟು ಕಡೆ ಸೋರ್ಸ್‌ನಲ್ಲಿ ನೋಡಿದಾಗ ಲಿಂಕ್‌ಗೆ ನೋಫಾಲೋ ಅಥವಾ ಸ್ಪಾನ್ಸರ್ಡ್ (ದುಡ್ಡು ಕೊಟ್ಟು ಹಾಕಿಸಿದ್ದು) ಅನ್ನುವ ಗುರುತು ಮೊದಲೇ ಇತ್ತು. ಅವನ್ನು ಬಿಟ್ಟೆ. ಉಳಿದದ್ದು 41.

ಈ 41ಕ್ಕೆ ಡಿಸ್‌ಅವೋ ಫೈಲ್ ಮಾಡುವುದು ಸುಲಭ. ಸಾದಾ ಟೆಕ್ಸ್ಟ್ ಫೈಲ್, ಯುಟಿಎಫ್-8. ಸಾಲಿಗೆ ಒಂದರಂತೆ, ಡೊಮೈನ್ ಅನ್ನುವ ಪದ ಇಂಗ್ಲಿಷಿನಲ್ಲಿ, ಕೋಲನ್, ಆಮೇಲೆ ಸೈಟಿನ ಹೆಸರು. ಹ್ಯಾಶ್ ಹಾಕಿ ಶುರು ಮಾಡಿದ ಸಾಲನ್ನು ಗೂಗಲ್ ಓದುವುದಿಲ್ಲ, ಅಲ್ಲಿ ನಮ್ಮ ಟಿಪ್ಪಣಿ ಬರೆದುಕೊಳ್ಳಬಹುದು. ಯಾವ ದಿನ ನೋಡಿದೆ, ಏಕೆ ಸೇರಿಸಿದೆ ಅಂತ ನಾನು ಪ್ರತಿಯೊಂದಕ್ಕೂ ಬರೆದೆ. ಎರಡು ಕಡೆ ಎಡವಿದೆ. ಸರ್ಚ್ ಕನ್ಸೋಲ್‌ನಲ್ಲಿ ನಮ್ಮದು ಡೊಮೈನ್ ಪ್ರಾಪರ್ಟಿ (ಇಡೀ ಡೊಮೈನ್‌ಗೆ ಒಂದೇ ನೋಂದಣಿ) ಆಗಿತ್ತು, ಈ ಟೂಲ್ ಅದಕ್ಕೆ ನಡೆಯುವುದಿಲ್ಲ. ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿ (ನಿರ್ದಿಷ್ಟ ವಿಳಾಸದ ನೋಂದಣಿ) ಬೇರೆಯಾಗಿ ಸೇರಿಸಬೇಕಾಯಿತು. ಇನ್ನೊಂದು, ಹೊಸ ಫೈಲ್ ಹಾಕಿದರೆ ಹಳೆಯದು ಪೂರ್ತಿ ಹೋಗುತ್ತದೆ. ಮರೆತ ಎರಡು ಹೆಸರನ್ನಷ್ಟೇ ಬರೆದು ಹಾಕಿಬಿಟ್ಟಿದ್ದೆ. ಮತ್ತೆ 41 ಸಾಲೂ ಸೇರಿಸಿ ಹಾಕಿದೆ.

ಇಷ್ಟೆಲ್ಲಾ ಆದರೂ ಆರ್ಡರ್ ಏಕೆ ಇಳಿಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಕೆಟ್ಟ ಲಿಂಕ್‌ಗಳಲ್ಲಿ ಅಲ್ಲ. ಒಳ್ಳೆಯ ಲಿಂಕ್‌ಗಳಲ್ಲಿ.

ಮೇಷ್ಟ್ರ ಬ್ಲಾಗಿನ ಸಾಲು ಬಂದಾಗ ಅದನ್ನೂ ಉಳಿದವುಗಳ ಹಾಗೆ ತೆರೆದೆ. ಲಿಂಕ್ ಒತ್ತಿದೆ. 404, ಪುಟ ಸಿಗಲಿಲ್ಲ ಅಂತ ಬಂತು. ನಮ್ಮದೇ ಸೈಟಿನಲ್ಲಿ! ಮಳೆಗಾಲ ಶುರುವಾಗುವ ಮುಂಚೆ ಸೈಟಿಗೆ ಹೊಸ ಥೀಮ್ ಹಾಕಿದ್ದೆ. ಆಗ ಪ್ರಾಡಕ್ಟ್ ಪುಟಗಳ ವಿಳಾಸ ಎಲ್ಲಾ ಬದಲಾಗಿದ್ದವು. ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಮಾಡಿಕೊಟ್ಟಿರಲಿಲ್ಲ. ಎರಡು ಪ್ರವಾಸಿ ಬ್ಲಾಗ್, ಒಂದು ಅಡುಗೆ ಸೈಟು, ಅಮೆರಿಕದಲ್ಲಿರುವ ಕನ್ನಡದ ಹೆಣ್ಣುಮಗಳೊಬ್ಬರ ಪುಟ, ಹೀಗೆ ನಮ್ಮನ್ನು ಮೆಚ್ಚಿ ಬರೆದವರ ಲಿಂಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಪುಟಕ್ಕೆ ಹೋಗುತ್ತಿದ್ದವು. ಗೂಗಲ್‌ನಲ್ಲಿ ಮೇಲಿದ್ದ ಪುಟಗಳೂ ಅವೇ.

ಆ ರಾತ್ರಿಯೇ 23 ಹಳೆಯ ವಿಳಾಸಗಳಿಗೆ 301 ರೀಡೈರೆಕ್ಟ್, ಅಂದರೆ ಹೊಸ ವಿಳಾಸಕ್ಕೆ ಶಾಶ್ವತವಾಗಿ ಕಳಿಸುವ ದಾರಿ, ಹಾಕಿದೆ. ಒಂದೂವರೆ ತಿಂಗಳಲ್ಲಿ ಆರ್ಡರ್ ಮೊದಲಿನ ಮಟ್ಟಕ್ಕೆ ಬಂತು.

ಮುಂದಿನ ಸಲ ಊರಿಗೆ ಹೋದಾಗ ಅಂಗಡಿಯಲ್ಲಿ ಕೂತು ಅಣ್ಣನ ಫೋನಿನಲ್ಲಿ ಮೇಷ್ಟ್ರ ಬರಹ ತೆರೆದು ಲಿಂಕ್ ಒತ್ತಿ ತೋರಿಸಿದೆ. ಪುಡಿಯ ಪುಟ ತೆರೆಯಿತು. ಅಣ್ಣ ಪುಟ ಬಿಟ್ಟು ಹಿಂದಕ್ಕೆ ಹೋಗಿ, ಮೇಷ್ಟ್ರು ಡಿಕಾಕ್ಷನ್ ಬಗ್ಗೆ ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಓದಿದ. ಆಮೇಲೆ ಒಳಗೆ ಹೋಗಿ, ಅವರ ವಿಳಾಸ ಬರೆದು, ಅವತ್ತು ಹುರಿದ ಪುಡಿಯ ಅರ್ಧ ಕೆಜಿ ಪ್ಯಾಕೆಟ್ ಕಟ್ಟಿಟ್ಟ.