ಕಲಬುರಗಿಯಲ್ಲಿ ಕೂತು ಕಡಲಿನ ವಿಷಪಾಚಿ ಹಿಡಿದದ್ದು: ನನ್ನ ಅನುಭವ

"ಸರ, ಬೆಣ್ಣೆತೊರಾದಾಗ ಸಿಗೋ ಪಾಚಿನ ನೋಡ್ರಿ, ಸಮುದ್ರದ್ದು ನಮಗ್ಯಾಕ ಬೇಕ್ರಿ?" ಮೂರು ವರ್ಷ ವಿಭಾಗದಲ್ಲಿ ಇದೇ ಮಾತು ಕೇಳಿದೆ. ಈ ಫೆಬ್ರವರಿಯಲ್ಲಿ ಪಾಚಿ ವಿಷ ಮಾಡಲು ಬೇಕಾದ ಎಸ್‌ಎಕ್ಸ್‌ಟಿ-ಎ4 ಜೀನಿನ ಬ್ಯಾಂಡ್ (ಪಟ್ಟಿ) ಡಿಎನ್‌ಎ ಬೇರ್ಪಡಿಸುವ ಜೆಲ್ ಮೇಲೆ ಗೆರೆ ಎಳೆದ ಹಾಗೆ ಮೂಡಿದ ದಿನ, ಅಂದವರನ್ನೆಲ್ಲ ಕರೆದು ತೋರಿಸಿದೆ.

1983ರಲ್ಲಿ ಮಂಗಳೂರಿನ ಹತ್ತಿರದ ಕುಂಬಳೆಯಲ್ಲಿ ಪಾಚಿಯ ವಿಷ ಸೇರಿದ ಚಿಪ್ಪುಮೀನು ತಿಂದು ಒಬ್ಬ ಹುಡುಗ ತೀರಿಕೊಂಡದ್ದನ್ನು ಓದಿದಾಗಿನಿಂದ ಈ ಕೆಲಸ ನನ್ನನ್ನು ಬಿಟ್ಟಿಲ್ಲ. ಅಲೆಕ್ಸಾಂಡ್ರಿಯಂ ಎಂಬ ಒಂಟಿಕೋಶದ ಕಡಲ ಪಾಚಿಯಲ್ಲಿ ಮಿನುಟಮ್ ಜಾತಿ ವಿಷದ್ದು, ನೋಡಲು ಅದರಂತೆಯೇ ಇರುವ ಟಮುಟಮ್ ನಿರಪಾಯದ್ದು. ಇವೆರಡನ್ನು ಬೇರೆ ಮಾಡಲು ಹೊಳೆಯುವ ಬಣ್ಣವಾದ ಕ್ಯಾಲ್ಕೋಫ್ಲೋರ್ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕವಚದ ಒಂದು ಫಲಕದ ಅಗಲ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. 28ಎಸ್ ಎಂಬ ಡಿಎನ್‌ಎ ತುಣುಕು ಜಾತಿಯನ್ನೇನೋ ಹೇಳಿತು, ಆದರೆ ಒಂದೇ ಜಾತಿಯಲ್ಲಿ ವಿಷ ಮಾಡದ ತಳಿಗಳೂ ಇವೆಯಲ್ಲ. ಹಾಗಾಗಿ ಈ ಪಾಚಿಯ ವಿಷವಾದ ಸಾಕ್ಸಿಟಾಕ್ಸಿನ್ ತಯಾರಿಸುವ ಜೀನನ್ನೇ ಹುಡುಕಲು ಹೊರಟೆ.

ಕರಾವಳಿಯ ಗೆಳೆಯರು ಕಳಿಸಿದ ಮಾದರಿಗಳ ಮೊದಲ ಕಂತು ಲ್ಯೂಗಾಲ್‌ನಲ್ಲಿತ್ತು (ಮಾದರಿ ಕೆಡದಂತೆ ಹಾಕುವ ಅಯೋಡಿನ್ ದ್ರಾವಣ). ಬೇಕಾದ ಜೀನಿನ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಮೂರು ಸಲ ಖಾಲಿ. ಎರಡನೇ ಕಂತು ಮೇ ತಿಂಗಳಲ್ಲಿ, ಹುಬ್ಬಳ್ಳಿ ಮೇಲಿಂದ ಬಸ್ಸಿನಲ್ಲಿ ಬಂತು. ಥರ್ಮಾಕೋಲ್ ಪೆಟ್ಟಿಗೆ ತೆರೆದರೆ ಐಸೆಲ್ಲ ನೀರಾಗಿ, ಪಾಚಿ ಸೋಸಿದ ಫಿಲ್ಟರುಗಳು ಕೊಳೆತ ಮೀನಿನ ವಾಸನೆ ಹೊಡೆಯುತ್ತಿದ್ದವು. ಅದೇ ವಾರ ರಾತ್ರಿಯಿಡೀ ಕರೆಂಟ್ ಹೋಗಿ ಫ್ರೀಜರಿನಲ್ಲಿದ್ದ ಟ್ಯಾಕ್ (ಪಿಸಿಆರ್‌ಗೆ ಬೇಕಾದ ಕಿಣ್ವ) ಕೆಟ್ಟಿತು. ಸುಮಾರು ಒಂಬತ್ತು ಸಾವಿರ ನನ್ನ ಕೈಯಿಂದ ಹೋಯಿತು. ಪ್ರೈಮರ್ (ಜೀನನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು), ಡಿಎನ್‌ಎ ಓದಿಸುವ ಸೀಕ್ವೆನ್ಸಿಂಗ್ ಎಲ್ಲ ಸೇರಿ ನಲವತ್ತು ಸಾವಿರ ದಾಟಿರಬೇಕು.

ಆಮೇಲೆ ಎಲ್ಲವನ್ನೂ ಆಲ್ಕೋಹಾಲಿನಲ್ಲೇ ತರಿಸಿದೆ. ಹಳೆಯ ಲ್ಯೂಗಾಲ್ ಮಾದರಿಗಳನ್ನೂ ಎಸೆಯಲಿಲ್ಲ. ಚಹಾದಂಥ ಬಣ್ಣ ಪೂರ್ತಿ ಹೋಗುವ ತನಕ ಪಿಸಿಆರ್‌ಗೆ ಅಡ್ಡಿಯಾಗುವ ಅಯೋಡಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಹಾಕಿ ತೊಳೆದೆ, ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿದೆ. ಬ್ಯಾಂಡ್ ಬಂತು! ಪಾಚಿಯ ಕವಚ ಒಡೆದು ಡಿಎನ್‌ಎ ತೆಗೆಯಲು ಗಾಜಿನ ಮಣಿ ಎಲ್ಲರೂ ಹಾಕುತ್ತಾರೆ. ಅದರ ಜೊತೆ ನಾನು ಹಾಕುವ ಇನ್ನೊಂದನ್ನು ನಮ್ಮ ಪ್ರಬಂಧ ಅಚ್ಚಾದ ಮೇಲೆ ಹೇಳುತ್ತೇನೆ.

ನಡುವೆ ಬೀದರ್ ಕಡೆಯ ಒಂದು ಹೊಂಡದ ಹಸಿರು ನೀರಿಗೆ ಸಿಹಿನೀರಿನ ಪಾಚಿಯ ವಿಷವಾದ ಮೈಕ್ರೋಸಿಸ್ಟಿನ್‌ ತಯಾರಿಸುವ ಎಂಸಿವೈ-ಇ ಜೀನಿನ ಪ್ರೈಮರ್ ಹಾಕಿ ನೋಡಿದೆ. ದಪ್ಪ ಬ್ಯಾಂಡ್. ಎಮ್ಮೆಗಳು ಕುಡಿಯುವ ನೀರು ಅದು. ಊರಿನವರಿಗೆ ಅವತ್ತೇ ಫೋನ್ ಮಾಡಿ ತಿಳಿಸಿದೆ.

ಮತ್ತೆ ಕಡಲಿನ ಪಾಚಿಗೆ ಬಂದರೆ, ಕರಾವಳಿಯ ಗೆಳೆಯರು ಬೆಳೆಸಿಟ್ಟ 12 ಅಲೆಕ್ಸಾಂಡ್ರಿಯಂ ತಳಿಗಳಲ್ಲಿ 7ಕ್ಕೆ ಬ್ಯಾಂಡ್ ಬಂತು, 5ಕ್ಕೆ ಇಲ್ಲ. ಅವರು ಎಚ್‌ಪಿಎಲ್‌ಸಿ (ವಿಷವನ್ನೇ ಅಳೆಯುವ ರಾಸಾಯನಿಕ ಪರೀಕ್ಷೆ) ಮಾಡಿ ನೋಡಿದಾಗ 11 ಸರಿಹೊಂದಿದವು. ಉಳಿದ ಒಂದರಲ್ಲಿ ಜೀನ್ ಇದೆ, ವಿಷ ಸಿಗಲಿಲ್ಲ. ಆ ಜೀನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಈಗ ಅದರ ಆರ್‌ಎನ್‌ಎ ತೆಗೆಯುತ್ತಿದ್ದೇನೆ.